ಇಷ್ಟು ಹೊತ್ತು ಕೆಂಡಕ್ಕಿಟ್ಟರೆ ಮೀನು ಒಣಗಲ್ವಾ?

ಇದ್ದಿಲಿನ ಗ್ರಿಲ್‌ಗೆ ಮುಚ್ಚಳ ಹಾಕಿ ನಾನು ಕುರ್ಚಿ ಎಳೆದುಕೊಂಡು ಕೂತೆನೆಂದರೆ, ಪಕ್ಕದಲ್ಲಿದ್ದವರು ಯಾರಾದರೂ ಕೇಳಿಯೇ ಕೇಳುತ್ತಾರೆ: “ಮೀನು ಹತ್ತು ನಿಮಿಷದಲ್ಲಿ ಬೇಯುತ್ತಲ್ಲ, ಮುಕ್ಕಾಲು ಗಂಟೆ ಇಟ್ಟರೆ ಒಣಗಿ ಕೊರಡಾಗಲ್ವಾ?”

ಆಗಲ್ಲ. ಕೇಳುವವರ ತಲೆಯಲ್ಲಿರುವುದು ಮಾಂಸದ ಲೆಕ್ಕ. ಮಾಂಸವನ್ನು ಗಂಟೆಗಟ್ಟಲೆ ಬೇಯಿಸುವುದು ಅದರ ನಾರು ಕರಗಲಿ ಅಂತ. ಮೀನಿನಲ್ಲಿ ಅಂಥ ನಾರು ಇರುವುದೇ ಕಮ್ಮಿ. ಮೈಭಾರವನ್ನು ನೀರೇ ಹೊರುವಾಗ ಅದಕ್ಕೆ ಗಟ್ಟಿ ನಾರಿನ ದರ್ದೇನು? ಇರುವ ಅಷ್ಟಿಷ್ಟೂ 50–55 ಡಿಗ್ರಿ ಸೆಲ್ಸಿಯಸ್‌ಗೆ ಸಡಿಲವಾಗಿ ಮೀನು ಎಸಳೆಸಳಾಗಿ ಬಿಡುತ್ತದೆ. 60 ದಾಟಿ ಮೇಲೆ ಹೋದಷ್ಟೂ ಎಳೆಗಳು ಬಿಗಿದುಕೊಂಡು ರಸ ಹಿಂಡಿಹಾಕುತ್ತವೆ. ಸಣ್ಣ ಉರಿ ಮೀನನ್ನು ಮೆತ್ತಗೆ ಮಾಡಲಿಕ್ಕಲ್ಲ, ಹದ ಬಂದ ಹೊತ್ತನ್ನು ಹಿಡಿಯಲು ನನಗೆ ಪುರುಸೊತ್ತು ಸಿಗಲಿ ಅಂತ. ಉರಿ ಜೋರಾದರೆ ನಡುಭಾಗ 50ರಿಂದ 65ಕ್ಕೆ ಹಾರಿದ್ದೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಹೊರಭಾಗ ಹತ್ತಿಯಾಗಿರುತ್ತದೆ.

ಮೊದಲ ಸಲ ನಾನೂ ಗ್ರಿಲ್ ತುಂಬ ಕೆಂಡ ಹರಡಿ ಸಾಲ್ಮನ್ ಇಟ್ಟವನೇ. ಕೊಬ್ಬು ತೊಟ್ಟಿಕ್ಕಿ ಭಗ್ಗನೆ ಉರಿ ಎದ್ದಿತು. ಮಗುಚಲು ಹೋದರೆ ಚರ್ಮ ಸರಳಿಗೆ ಅಂಟಿ, ಅರ್ಧ ಮೀನು ಸಟ್ಟುಗದಲ್ಲಿ, ಅರ್ಧ ಬೆಂಕಿಯಲ್ಲಿ.

ಈಗ ಬೂದಿ ಮುಸುಕಿದ ಕೆಂಡವನ್ನು ಒಂದು ಮಗ್ಗುಲಿಗೆ ದೂಡಿ, ಮೀನನ್ನು ಇನ್ನೊಂದು ಮಗ್ಗುಲಿಗೆ ಚರ್ಮ ಕೆಳಗಾಗಿ ಇಡುತ್ತೇನೆ. ಮಗುಚುವ ಮಾತೇ ಇಲ್ಲ. ಮುಚ್ಚಳದ ಗಾಳಿಕಿಂಡಿ ಮೀನಿನ ನೆತ್ತಿಗೆ ಬರಬೇಕು. ಆಗ ಬಿಸಿಗಾಳಿ ಮೀನಿನ ಮೇಲೆ ಹಾದೇ ಹೊರಗೆ ಹೋಗುತ್ತದೆ. ಒಳಗಿನ ಕಾವು 120 ಡಿಗ್ರಿ ಆಸುಪಾಸು. ಬಾಲದ ತೆಳು ತುದಿ ಕೆಂಡದಿಂದ ದೂರಕ್ಕೆ. ತುಂಡಿನ ಬದಿಯಲ್ಲಿ ಮೊಸರಿನ ಹನಿಯಂಥ ಬಿಳಿ ಪ್ರೋಟೀನ್ ಉಕ್ಕತೊಡಗಿದರೆ ಕಾವು ಏರಿದೆ ಅಂತ. ಕೆಳಗಿನ ಕಿಂಡಿಯನ್ನು ಒಂಚೂರು ಮುಚ್ಚುತ್ತೇನೆ.

ಅದಕ್ಕೂ ಮುಂಚೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಒರೆಸಿ, ಫ್ರಿಜ್‌ನಲ್ಲಿ ಮುಚ್ಚದೆ ಒಂದು ಗಂಟೆ ಇಟ್ಟಿರುತ್ತೇನೆ. ಬೆರಳಿಟ್ಟರೆ ಮೇಲ್ಮೈ ತುಸು ಅಂಟಂಟಾಗಿರಬೇಕು. ಹೊಗೆ ಚೆನ್ನಾಗಿ ಕೂರುವುದು ಅಂಥದ್ದರ ಮೇಲೆ. ಕಟ್ಟಿಗೆಯ ಒಂದು ಸಣ್ಣ ಚೂರು ಸಾಕು. ದಟ್ಟ ಬಿಳಿ ಹೊಗೆ ಬರುವಾಗ ಮೀನು ಇಟ್ಟರೆ ಕಹಿ ಖಂಡಿತ; ತೆಳುವಾಗಲಿ, ಕಾಯಿರಿ.

ಎಷ್ಟಕ್ಕೆ ಇಳಿಸುವುದು? ಆಹಾರ ಸುರಕ್ಷತೆಯ ಲೆಕ್ಕದಲ್ಲಿ ನಡುಭಾಗ 63 ಡಿಗ್ರಿ ಮುಟ್ಟಬೇಕು. ಮಕ್ಕಳು, ಬಸುರಿಯರು, ವಯಸ್ಸಾದವರು ಉಣ್ಣುವುದಿದ್ದರೆ ಇದರಲ್ಲಿ ರಾಜಿ ಬೇಡ. ಸಣ್ಣ ಉರಿಯ ಮೀನು ಅಲ್ಲಿಗೆ ಹೋದರೂ ರಸ ಉಳಿಸಿಕೊಂಡಿರುತ್ತದೆ, ಯಾಕೆಂದರೆ ಅಂಚು ನಡುಭಾಗಕ್ಕಿಂತ ಬಹಳ ಮುಂದೆ ಓಡಿರುವುದಿಲ್ಲ. ಥರ್ಮಾಮೀಟರ್ ಇಲ್ಲದೆ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಣ್ಣಂದಾಜು ಅನ್ನುವವರನ್ನು ನಂಬುವುದೂ ಇಲ್ಲ.

ಎಲ್ಲ ಮೀನಿಗೂ ಇದು ಸಲ್ಲದು. ಬೆರಳಿನಷ್ಟು ತೆಳ್ಳಗಿನ ತುಂಡಿಗೆ, ಪುಟ್ಟ ಮೀನಿಗೆ ಜೋರು ಕೆಂಡವೇ ಸರಿ. ದಪ್ಪಗಿರಬೇಕು, ಕೊಬ್ಬಿರಬೇಕು.

ಒಂದು ನಷ್ಟವೂ ಉಂಟು, ಮುಚ್ಚಿಡುವುದಿಲ್ಲ: ಚರ್ಮ ಗರಿಗರಿ ಆಗುವುದಿಲ್ಲ, ರಬ್ಬರಿನಂತೆ ಉಳಿಯುತ್ತದೆ. ಅದನ್ನು ಬಿಡಿಸಿ, ಎಣ್ಣೆ ಸವರಿ, ನೇರ ಕೆಂಡದ ಮೇಲೆ ಒಂದು ನಿಮಿಷ ಹಿಡಿಯುತ್ತೇನೆ. ಆ ಒಂದು ನಿಮಿಷ ಮಾತ್ರ ಕುರ್ಚಿಯಲ್ಲಿ ಕೂರುವ ಹಾಗಿಲ್ಲ.