ಸ್ಕ್ವಿಡ್ ನರತಂತುವಿನ ಸಿಮ್ಯುಲೇಶನ್: ಸ್ಪೈಕ್ ಬಂತು, 37 ಡಿಗ್ರಿಯಲ್ಲಿ ಮಾಯವಾಯಿತು

ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನಲ್ಲಿ ಸ್ಪೈಕ್, ಅಂದರೆ ವೋಲ್ಟೇಜಿನ ಕ್ಷಣಿಕ ಜಿಗಿತ, ಹೇಗೆ ಏಳುತ್ತದೆಂದು ವಿವರಿಸುವ 1952ರ ಹಾಡ್ಕಿನ್–ಹಕ್ಸ್ಲಿ ಸಮೀಕರಣಗಳು ಪೈಥಾನ್ ಕೋಡಿನಲ್ಲಿ ಓಡತೊಡಗಿವೆ, ಸದ್ಯಕ್ಕೆ ಒಂದೇ ತುಂಡು ಪೊರೆಗೆ. ಚದರ ಸೆಂಟಿಮೀಟರಿಗೆ ಧಾರಕತೆ 1 ಮೈಕ್ರೊಫ್ಯಾರಡ್. ವಾಹಕತೆ ಸೋಡಿಯಂಗೆ 120, ಪೊಟ್ಯಾಸಿಯಂಗೆ 36, ಸೋರಿಕೆಗೆ 0.3 ಮಿಲಿಸೀಮನ್ಸ್. ಸಮತೋಲ ವೋಲ್ಟೇಜು ಇದೇ ಕ್ರಮದಲ್ಲಿ +50, −77, −54.4 ಮಿಲಿವೋಲ್ಟ್. ಆರಂಭ −65ರಿಂದ. ಅಯಾನುಗಳ ದಾರಿಯನ್ನು ತೆರೆದು ಮುಚ್ಚುವ ಗೇಟುಗಳು (ಸೋಡಿಯಂಗೆ ಎಂ ಮತ್ತು ಎಚ್, ಪೊಟ್ಯಾಸಿಯಂಗೆ ಎನ್) ಎಂ 0.05, ಎಚ್ 0.6, ಎನ್ 0.32.

ಮೊದಲ ಎಡವಟ್ಟು ಚಿಹ್ನೆಯದು. ಮೂಲ ಲೇಖನದಲ್ಲಿ ವಿಶ್ರಾಂತಿ ಸ್ಥಿತಿಯೇ ಸೊನ್ನೆ, ಉದ್ರೇಕವಾದರೆ ವೋಲ್ಟೇಜು ಋಣದ ಕಡೆಗೆ ಹೋಗುತ್ತದೆ. ಈಗಿನ ಪುಸ್ತಕಗಳಲ್ಲಿ ಇದು ಉಲ್ಟಾ. ಗೇಟು ತೆರೆಯುವ ದರ ಆಲ್ಫಾವನ್ನು ಅಲ್ಲಿಂದ, ಮುಚ್ಚುವ ದರ ಬೀಟಾವನ್ನು ಇಲ್ಲಿಂದ ಎತ್ತಿಕೊಂಡರೆ ಸ್ಪೈಕಿನ ಆಸೆ ಬಿಡಬೇಕು. ಎರಡನೆಯದು −55ರಲ್ಲಿ ಎನ್‌ನ ಆಲ್ಫಾ, −40ರಲ್ಲಿ ಎಂನ ಆಲ್ಫಾ: ಎರಡೂ ಸೊನ್ನೆ ಭಾಗಿಸು ಸೊನ್ನೆ. ಅಲ್ಲಿ 0.1 ಮತ್ತು 1 ಎಂದು ಕೈಯಾರೆ ತುಂಬಿದ್ದಾಯಿತು.

ಸಮೀಕರಣವನ್ನು ಪುಟ್ಟ ಹೆಜ್ಜೆಗಳಲ್ಲಿ ಬಿಡಿಸುವ ಯೂಲರ್ ವಿಧಾನಕ್ಕೆ ಕಾಲದ ಹೆಜ್ಜೆ 0.01 ಮಿಲಿಸೆಕೆಂಡ್ ಸಾಕು. 0.1 ಇಟ್ಟರೆ ಕೆಡುತ್ತದೆ, ಏಕೆಂದರೆ ಸ್ಪೈಕಿನ ತುದಿಯಲ್ಲಿ ಪೊರೆಯ ಕಾಲಾಂಕ (ಬದಲಾವಣೆಗೆ ಹಿಡಿಯುವ ಸಮಯದ ಅಳತೆ) 0.03ರ ಆಸುಪಾಸಿಗೆ ಇಳಿದಿರುತ್ತದೆ. (ಹಕ್ಸ್ಲಿ ಇದೇ ಲೆಕ್ಕವನ್ನು ಹ್ಯಾಂಡಲ್ ತಿರುಗಿಸುವ ಯಂತ್ರದಲ್ಲಿ ಮಾಡಿದ್ದರು. ನಾವು ಗೊಣಗುವಂತಿಲ್ಲ.)

ಚದರ ಸೆಂಟಿಮೀಟರಿಗೆ 5 ಮೈಕ್ರೊಆಂಪ್ ವಿದ್ಯುತ್ ಸತತ ಕೊಟ್ಟರೆ ಒಂದೇ ಸ್ಪೈಕ್, ಆಮೇಲೆ ಮೌನ. 10 ಕೊಟ್ಟರೆ ಸುಮಾರು 15 ಮಿಲಿಸೆಕೆಂಡಿಗೊಂದು. −10 ಕೊಟ್ಟು 20 ಮಿಲಿಸೆಕೆಂಡಿನ ಬಳಿಕ ನಿಲ್ಲಿಸಿದರೂ ಒಂದು ಸ್ಪೈಕ್ ಏಳುತ್ತದೆ! ಋಣ ವೋಲ್ಟೇಜಿನಲ್ಲಿ ಎಚ್ ಏರಿ ಎನ್ ಇಳಿದಿರುತ್ತದೆ; ಅವು ಹಿಂದಿರುಗುವಷ್ಟರಲ್ಲಿ ಸೋಡಿಯಂ ನುಗ್ಗಿಯಾಗಿರುತ್ತದೆ.

ಗೇಟುಗಳ ವೇಗದ ಈ ಹಿಂದೆಮುಂದೆಯೇ ಸ್ಪೈಕಿನ ಜೀವಾಳ. −65ರಲ್ಲಿ ಎಂನ ಕಾಲಾಂಕ 0.24, ಎನ್‌ನದು 5.5, ಎಚ್‌ನದು 8.5 ಮಿಲಿಸೆಕೆಂಡ್. ಇವು 6.3 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಲೆಕ್ಕ. 10 ಡಿಗ್ರಿ ಏರಿದರೆ ವೇಗ 3 ಪಟ್ಟು, ಅಂದರೆ 37ರಲ್ಲಿ ಸುಮಾರು 29 ಪಟ್ಟು. ಹಾಗೆ ಓಡಿಸಿದಾಗ ಗ್ರಾಫ್ ಗರಗಸದಂತಾಯಿತು. ಎಂನ ಕಾಲಾಂಕ ಹೆಜ್ಜೆಗಿಂತ ಚಿಕ್ಕದಾಗಿತ್ತು. ಹೆಜ್ಜೆಯನ್ನು 0.001ಕ್ಕೆ ಇಳಿಸಿದ ಮೇಲೆ ಗರಗಸ ಹೋಯಿತು, ಸ್ಪೈಕ್ ಮಾತ್ರ ಬರಲಿಲ್ಲ. ಇದು ಕೋಡಿನ ತಪ್ಪಲ್ಲ. ಗೇಟುಗಳೆಲ್ಲ ಚುರುಕಾದರೂ ಪೊರೆಯ ಧಾರಕತೆ ಹಳೆಯದೇ. ಅದು ತುಂಬುವ ಮೊದಲೇ ಸೋಡಿಯಂ ಮುಚ್ಚಿ ಪೊಟ್ಯಾಸಿಯಂ ತೆರೆದುಬಿಡುತ್ತದೆ. ಸ್ಕ್ವಿಡ್‌ನ ಅಂಕಿಗಳನ್ನು ಹೊತ್ತು ಮನುಷ್ಯನ ನರಕ್ಕೆ ಹೋಗುವಂತಿಲ್ಲ.

ಮುಂದಿನ ಕೆಲಸ, ತುಂಡುಗಳನ್ನು ಸಾಲಾಗಿ ಜೋಡಿಸುವುದು: ತ್ರಿಜ್ಯ 238 ಮೈಕ್ರೊಮೀಟರ್, ಒಳದ್ರವದ ರೋಧಶೀಲತೆ 35.4 ಓಮ್-ಸೆಂಟಿಮೀಟರ್, ತಾಪ 18.5 ಡಿಗ್ರಿ. ವೇಗ ಸೆಕೆಂಡಿಗೆ 18.8 ಮೀಟರಿನ ಹತ್ತಿರ ಬಂದರೆ 1952ರ ಲೆಕ್ಕಕ್ಕೆ ತಾಳೆಯಾದಂತೆ. ನಿಜವಾದ ನರತಂತುವಿನಲ್ಲಿ ಅವರು ಅಳೆದದ್ದು 21.2.