ಬರೀ ತಲೆ ಆಡಿಸಿದಳು

ಇವತ್ತು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಹಕ್ಕು ಬಿಡುಗಡೆ ಪತ್ರ, ಅಂದ್ರೆ ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಡೋ ಪತ್ರ.
ಅಣ್ಣಂದಿರು ಮಾತಾಡಿದರು, ಪತ್ರ ಬರೆಯೋರು ಮಾತಾಡಿದರು.
"ಒಪ್ಪಿಗೆ ಇದೆಯೇನಮ್ಮಾ?" ಅಂದಾಗ ತಂಗಿ ಬರೀ ತಲೆ ಆಡಿಸಿದಳು.
ದುಡಿದು ಸವೆದ ಹೆಬ್ಬೆರಳು, ಯಂತ್ರ ಹಿಡಿಯಲಿಲ್ಲ. ಸೆರಗಿಗೆ ಒರೆಸಿ ಒರೆಸಿ ಮೂರು ಸಲ ಒತ್ತಿಸಿದರು.

'ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ' ಅನ್ನೋ ಸಾಲು ಪತ್ರದಲ್ಲಿ ಮೊದಲೇ ಟೈಪ್ ಆಗಿರುತ್ತೆ. ಅವಳ ಬಾಯಿಂದ ಬಂದ ಮಾತಲ್ಲ ಅದು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಿದ್ದುಪಡಿ ಆದಾಗ ಅಪ್ಪ ಬದುಕಿರಲೇಬೇಕಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದರೂ ಕೇಳೋಕೆ ಬಾಯಿ ಬರಲ್ಲ. ಕೇಳಿದರೆ ಗೌರಿ ಹಬ್ಬಕ್ಕೆ ಕರೆಯೋರಿಲ್ಲ, ಬಾಣಂತನಕ್ಕೆ ತವರಿಲ್ಲ. ಇಷ್ಟು ದುಬಾರಿ ಮೌನವನ್ನ ನಾವು 'ಒಳ್ಳೇ ಹೆಣ್ಣುಮಗಳು' ಅಂತ ಹೊಗಳ್ತೀವಿ.

ಮೋಸ ಆಗಬಹುದಾದ ಜಾಗ ಕೊನೇ ಪುಟದ ಷೆಡ್ಯೂಲ್, ಅಂದ್ರೆ ಆಸ್ತಿ ವಿವರದ ಪಟ್ಟಿ. ಬಾಯಲ್ಲಿ ಹೇಳಿದ್ದು ಒಂದು ಹೊಲ, ಬರೆದದ್ದು ಮನೆ, ತೋಟ ಎಲ್ಲಾ. ಒಮ್ಮೆ ನೋಂದಣಿ ಆದರೆ ರದ್ದು ಮಾಡಿಸೋಕೆ ಸಾಮಾನ್ಯವಾಗಿ ಸಿವಿಲ್ ಕೋರ್ಟೇ ಗತಿ, ಅದಕ್ಕೂ ವಾಯಿದೆ ಇದೆ.

ಸಾಕ್ಷಿಗೆ ಅಂತ ಕರೆದರೆ ಹೋಗಿ. ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆ) ಅವಳಿಗೆ ಗಟ್ಟಿಯಾಗಿ ಓದಿ ಹೇಳಿ. ಅಣ್ಣಂದಿರನ್ನ ಸ್ವಲ್ಪ ಹೊರಗೆ ಕೂರಿಸಿ, ಆಮೇಲೆ ಕೇಳಿ.