36 ಎಂಎಂ ನಟ್ಟು, 60 ಎಂಎಂ ಜಾಗ

ನಟ್ಟು ಬಿಟ್ಟಿತು! ನನ್ನ ದೋಣಿಯ ಗೇರ್‌ಬಾಕ್ಸಿನ ಔಟ್‌ಪುಟ್ ಫ್ಲ್ಯಾಂಜನ್ನು, ಅಂದರೆ ಪ್ರೊಪೆಲ್ಲರ್ ಶಾಫ್ಟಿಗೆ ಜೋಡಿಸುವ ತಟ್ಟೆಯನ್ನು, ಕಚ್ಚಿಕೊಂಡು ಕೂತಿದ್ದ ಎಂ24 ನಟ್ಟು (24 ಎಂಎಂ ಥ್ರೆಡ್, 36 ಎಂಎಂ ಸ್ಪ್ಯಾನರ್), ಏನೂ ಅಬ್ಬರವಿಲ್ಲದೆ ಕಿರ್ ಅಂತ ಸದ್ದು ಮಾಡಿ ತಿರುಗಿತು. ಅದರ ಹಿಂದಿರುವ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್ ಬದಲಾಯಿಸುವುದು ನಮ್ಮಂಥವರಿಗೆ ಮಾಮೂಲಿ ಕೆಲಸ. ಆದರೆ ಅಲ್ಲಿಗೆ ತಲುಪೋದೇ ಕಷ್ಟವಾಗಿತ್ತು. ಆಯಿಲ್ ಇಳಿಸಿದ್ದು, ಕಪ್ಲಿಂಗ್ ಬೋಲ್ಟ್ ಬಿಚ್ಚಿದ್ದು ಎಲ್ಲಾ ಬರೆಯಲ್ಲ, ಅದು ನಿಮಗೆ ಗೊತ್ತಿರುವುದೇ.

ಮೊದಲು ಜಾಗದ ಲೆಕ್ಕ. ಪ್ರೊಪೆಲ್ಲರ್ ಶಾಫ್ಟನ್ನು ಹಿಂದಕ್ಕೆ ಎಷ್ಟು ತಳ್ಳಬಹುದು? ಪ್ರೊಪೆಲ್ಲರ್ ಹೋಗಿ ಚುಕ್ಕಾಣಿಗೆ ತಾಗುವವರೆಗೆ. ನನ್ನ ದೋಣಿಯಲ್ಲಿ ಅದು 60 ಎಂಎಂ, ಅಷ್ಟೆ. ಎರಡು ಫ್ಲ್ಯಾಂಜ್ ಮುಖಗಳ ನಡುವಿನ ಆ ಸಂದಿಯಲ್ಲೇ ಎಲ್ಲಾ ಕೆಲಸ ಆಗಬೇಕು. ನಟ್ಟು ಫ್ಲ್ಯಾಂಜಿನ ಮುಖದ ಮಟ್ಟಕ್ಕೂ ಇಲ್ಲ, 52 ಎಂಎಂ ಅಗಲ, 20 ಎಂಎಂ ಆಳದ ಗುಳಿಯ ತಳದಲ್ಲಿ ಕೂತಿದೆ. ಮುಖಕ್ಕೆ ಮುಖ ಕೂರಬೇಕಲ್ಲ, ಅದಕ್ಕೇ ಹಾಗೆ. ಹಾಗಾಗಿ ಚಪ್ಪಟೆ ಸ್ಪ್ಯಾನರ್ ಅದಕ್ಕೆ ತಾಗುವುದೇ ಇಲ್ಲ. ಮುಕ್ಕಾಲು ಇಂಚಿನ ಸಾಕೆಟ್ ತಾಗುತ್ತದೆ, ಆದರೆ ಸಾಕೆಟ್, ಹ್ಯಾಂಡಲ್ ತಲೆ ಎರಡೂ ಸೇರಿ 100 ಎಂಎಂ ಆಗುತ್ತೆ. ಇಂಪ್ಯಾಕ್ಟ್ ಗನ್ ಮಾತೇ ಬೇಡ.

ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಇದಕ್ಕೆ ‘ವಿಶೇಷ ಟೂಲ್’ ಇದೆ. ಚಿತ್ರವೂ ಇದೆ. ಚಿತ್ರದಲ್ಲಿ ಗೇರ್‌ಬಾಕ್ಸ್ ಮೇಜಿನ ಮೇಲೆ ಆರಾಮಾಗಿ ಕೂತಿದೆ, ಸುತ್ತ ನಾಲ್ಕು ಜನ ನಿಲ್ಲುವಷ್ಟು ಜಾಗ. ಇಂಥ ಟೂಲ್ ಮಾಡುವವರು ಒಂದು ಸಲವಾದರೂ ಎಂಜಿನ್ ಪಕ್ಕದ ಸಂದಿಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ನೋಡಬೇಕು. ಗೇರ್‌ಬಾಕ್ಸನ್ನೇ ಹೊರಗೆ ತೆಗೆಯಬಹುದಿತ್ತಲ್ಲ ಅಂತೀರಿ. ನನ್ನದರಲ್ಲಿ ಎಂಜಿನ್ನಿನ ಹಿಂದಿನ ಎರಡು ಮೌಂಟ್ (ರಬ್ಬರ್ ಆಸರೆ) ಇರುವುದೇ ಗೇರ್‌ಬಾಕ್ಸಿನ ಮೇಲೆ. ಅದನ್ನು ತೆಗೆದರೆ ಎಂಜಿನ್ನನ್ನು ತೂಗು ಹಾಕಬೇಕು. ಒಂದು ರಬ್ಬರ್ ಬಳೆಗೋಸ್ಕರ ಅಷ್ಟು ದೊಡ್ಡ ರಾಮಾಯಣ ಬೇಡ ಅನಿಸಿತು.

ಉಳಿ ಇಟ್ಟು ನಟ್ಟಿಗೆ ಬಡಿಯೋದು ಹಲವರ ಸಲಹೆ. ದಯವಿಟ್ಟು ಬೇಡ. ಆ ಪೆಟ್ಟು ನೇರ ಒಳಗಿನ ಬೇರಿಂಗಿಗೆ ಹೋಗುತ್ತೆ. ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಗುಳಿ ಬಿದ್ದರೆ ಸೀಲ್ ಹೊಸದಾದರೂ ಗೇರ್‌ಬಾಕ್ಸ್ ಗುರ್ ಅನ್ನಲು ಶುರು ಮಾಡುತ್ತೆ. ಇನ್ನೊಂದು ದಾರಿ, ಹಳೆ ಸಾಕೆಟ್ಟನ್ನು ಗಿಡ್ಡ ಕತ್ತರಿಸಿ ಪಟ್ಟಿಗೆ ವೆಲ್ಡ್ ಮಾಡುವುದು. ಸಾಕೆಟ್ ಮೇಲಿನ ಕ್ರೋಮ್ ಪೂರ್ತಿ ಉಜ್ಜಿ ತೆಗೆಯದೆ ಅದಕ್ಕೆ ಆರ್ಕ್ ಹಿಡಿಯಬೇಡಿ, ಆ ಹೊಗೆ ವಿಷ. ಉಜ್ಜಿದ ಮೇಲೂ ಕ್ರೋಮ್ ವನೇಡಿಯಂ ಉಕ್ಕು ಮೊದಲೇ ಬಿಸಿ ಮಾಡಿ, ನಿಧಾನ ಆರಿಸದಿದ್ದರೆ ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ಆ ಗೋಜೇ ಬೇಡ ಅಂತ ಬಿಟ್ಟೆ.

ನಾನು ಹಿಡಿದ ದಾರಿ ಪದರ ಪದರವಾಗಿ ಸ್ಪ್ಯಾನರ್ ಕಟ್ಟುವುದು. ಲೇಸರ್ ಕಟಿಂಗ್‌ನಲ್ಲಿ 8 ಎಂಎಂ ಪ್ಲೇಟಿನ ಮೂರು ಬಳೆ: ಹೊರಗೆ 51 ಎಂಎಂ ದುಂಡು, ಒಳಗೆ 36 ಎಂಎಂ ಆರು ಮೂಲೆಯ ತೂತು. ಜೊತೆಗೆ 10 ಎಂಎಂ ಪ್ಲೇಟಿನ ಉದ್ದ ಹಿಡಿಕೆ, ಅದರ ತಲೆಯಲ್ಲೂ ಅದೇ ತೂತು. ನಾಲ್ಕನ್ನೂ ಒಂದರ ಮೇಲೊಂದು ಜೋಡಿಸಿ ಅಂಚಿಗೆ ವೆಲ್ಡ್ ಮಾಡಿದರೆ 34 ಎಂಎಂ ಎತ್ತರದ ಗಿಡ್ಡ ಸಾಕೆಟ್ ಸಿಗುತ್ತದೆ. ಮೂಲೆಯಿಂದ ಮೂಲೆಗೆ ತೂತು 41.6 ಎಂಎಂ ಆಗುವುದರಿಂದ ಮೂಲೆಗಳ ಹತ್ತಿರ ಗೋಡೆ 5 ಎಂಎಂಗಿಂತ ಕಡಿಮೆ ಉಳಿಯುತ್ತೆ. ಜೀವನಪೂರ್ತಿ ಬಳಸುವ ಟೂಲ್ ಅಲ್ಲ ಇದು, ಒಂದು ನಟ್ಟಿಗೆ ಸಾಕು.

ಡ್ರಾಯಿಂಗಿನಲ್ಲಿ 36 ಎಂಎಂ ಅನ್ನುವುದು ಎದುರುಬದುರು ಸಪಾಟು ಮುಖಗಳ ನಡುವಿನ ಅಳತೆ ಅಂತ ಬಾಣ ಹಾಕಿ ತೋರಿಸಿದ್ದೆ. ಕಟಿಂಗ್ ಮಾಡಿದ ಪುಣ್ಯಾತ್ಮ ಅದನ್ನು ಮೂಲೆಯಿಂದ ಮೂಲೆಗೆ ಅಂತ ತಗೊಂಡು, ಸಪಾಟಿಗೆ 31.2 ಎಂಎಂ ಇರುವ ನಾಲ್ಕು ತುಂಡು ಕಳಿಸಿದ. ಜಗತ್ತಿನಲ್ಲಿ ಯಾವ ನಟ್ಟಿಗೂ ಕೂರದ ಅಳತೆ! ಫೋನ್ ಮಾಡಿದರೆ ‘ಸ್ವಲ್ಪ ಫೈಲ್ ಹಾಕ್ಕೊಳ್ಳಿ’ ಅಂದ. ಮುಖಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಫೈಲ್ ಹಾಕಬೇಕಂತೆ, ನಾಲ್ಕು ತುಂಡಿಗೆ, ತುಂಡಿಗೆ ಆರು ಮುಖ. ಎರಡನೇ ಸಲ ಸರಿಯಾಗಿ ಬಂತು. ಹಳೆಯವು ಪೇಪರ್‌ವೇಟ್ ಆಗಿವೆ.

ಸ್ಪ್ಯಾನರ್ ಆಯಿತು. ಈಗ ಶಾಫ್ಟ್ ತಿರುಗದಂತೆ ಹಿಡಿಯಬೇಕು. ಹೈಡ್ರಾಲಿಕ್ ಗೇರ್‌ಬಾಕ್ಸ್ ಇರುವವರಿಗೆ ಗೊತ್ತು, ಎಂಜಿನ್ ನಿಂತಿರುವಾಗ ಗೇರಿಗೆ ಹಾಕಿದರೂ ಪ್ರೆಶರ್ ಇಲ್ಲದ್ದರಿಂದ ಕ್ಲಚ್ ಹಿಡಿಯಲ್ಲ. ಅದಕ್ಕೆ 8 ಎಂಎಂ ದಪ್ಪದ ಇನ್ನೊಂದು ಪಟ್ಟಿ ಮಾಡಿ ಫ್ಲ್ಯಾಂಜಿನ ಎರಡು ಬೋಲ್ಟ್ ತೂತಿಗೆ ಬಿಗಿದೆ. ನಡುವೆ ಸ್ಪ್ಯಾನರ್ ಇಳಿಯಲು ದೊಡ್ಡ ತೂತು. ಪಟ್ಟಿಯ 8 ಕಳೆದರೂ ಸ್ಪ್ಯಾನರಿನ ಮೂತಿ ಗುಳಿಯೊಳಗೆ 16 ಎಂಎಂ ಇಳಿಯುತ್ತದೆ. ನಟ್ಟು ಗುಳಿಯ ತಳದಿಂದ ಎದ್ದು ನಿಂತಿರುವುದರಿಂದ ಅಷ್ಟು ಹಿಡಿತ ಸಾಕು.

ಇಲ್ಲಿಂದ ಆಚೆ ಕೆಲಸ ನಿಂತೇ ಹೋಯಿತು. ಹಿಡಿಯುವ ಪಟ್ಟಿಯನ್ನು ಎಂಜಿನ್ ಬೆಡ್‌ಗೆ ಆನಿಸಿ ಸ್ಪ್ಯಾನರ್ ಎಳೆದರೆ ಬೆಡ್ಡೇ ಅಲುಗುತ್ತಿತ್ತು, ಮೌಂಟುಗಳು ರಬ್ಬರ್ ತಾನೇ, ಎಂಜಿನ್ ಪಕ್ಕಕ್ಕೆ ವಾಲುತ್ತಿತ್ತು. ಮಲಗಿಕೊಂಡು ಎಳೆದರೆ ನನ್ನ ಬಲವೂ ಬರಲ್ಲ. ಹಿಡಿಕೆಗೆ ಪೈಪ್ ಸಿಕ್ಕಿಸೋಣವೆಂದರೆ ದೋಣಿಯ ಗೋಡೆ ಅಡ್ಡ.

ಹೊಳೆದದ್ದು ಇದು. ಎರಡು ಪಟ್ಟಿಗಳೂ ಒಂದೇ ಕೇಂದ್ರದಿಂದ ಹೊರಟಿವೆ, ಕತ್ತರಿಯ ಎರಡು ಹಿಡಿಕೆಗಳ ಹಾಗೆ. ಅವುಗಳ ತುದಿಗಳನ್ನೇ ಪರಸ್ಪರ ಎಳೆದರೆ ಬಲವೆಲ್ಲಾ ಅವೆರಡರೊಳಗೇ ಮುಗಿಯುತ್ತದೆ. ಬೆಡ್ಡಿಗಿಲ್ಲ, ಮೌಂಟಿಗಿಲ್ಲ, ಬೇರಿಂಗಿಗಿಲ್ಲ. ಎಳೆಯಲು ಹಳೆ ರಿಗ್ಗಿಂಗಿನ (ಹಾಯಿಕಂಬ ಬಿಗಿಯುವ ತಂತಿಗಳ) ಟರ್ನ್‌ಬಕಲ್ ಇತ್ತು, ನಡುವೆ ತಿರುಗಿಸಿದರೆ ಎರಡೂ ತುದಿ ಹತ್ತಿರ ಬರುವ ಸ್ಕ್ರೂ, ಎರಡೂ ತುದಿಯಲ್ಲಿ ಪಿನ್ ಹಾಕುವ ಕವಲು ಇರುವಂಥದ್ದು. ಎರಡೂ ಪಟ್ಟಿಗಳ ಉದ್ದಕ್ಕೂ ತೂತು ಕೊರೆದು ಪಿನ್ ಸಿಕ್ಕಿಸಿದೆ. ಕೋನ ಹೊಂದುತ್ತಾ ಅನ್ನೋ ಚಿಂತೆಯೂ ಇರಲಿಲ್ಲ: ಆರು ಮುಖದ ನಟ್ಟು 60 ಡಿಗ್ರಿಗೊಮ್ಮೆ, ನಾಲ್ಕು ಬೋಲ್ಟಿನ ಫ್ಲ್ಯಾಂಜ್ 90 ಡಿಗ್ರಿಗೊಮ್ಮೆ, ಎರಡೂ ಸೇರಿ 30 ಡಿಗ್ರಿಗೊಂದು ಜಾಗ ಸಿಗುತ್ತೆ. ಅರ್ಧ ಮೀಟರ್ ಉದ್ದದ ಪಟ್ಟಿಗಳಾದರೆ 30 ಡಿಗ್ರಿಯಲ್ಲಿ ತುದಿಗಳ ಅಂತರ ಸುಮಾರು 260 ಎಂಎಂ, ಟರ್ನ್‌ಬಕಲ್‌ಗೆ ಹೇಳಿ ಮಾಡಿಸಿದ ಹಾಗೆ. ಎಡಕ್ಕೆ ಬಿಚ್ಚುವ ದಿಕ್ಕಿನಲ್ಲೇ ಎಳೆತ ಬರುತ್ತಿದೆಯೇ ಅಂತ ಮಾತ್ರ ನೋಡಿಕೊಳ್ಳಿ.

ನಟ್ಟಿನ ಅಂಚನ್ನು ಶಾಫ್ಟಿನ ತೋಡಿನೊಳಗೆ ಬಡಿದು ಕೂರಿಸಿರುತ್ತಾರಲ್ಲ, ಅದನ್ನು ಮೊದಲೇ ಸಣ್ಣ ಉಳಿಯಿಂದ ಎಬ್ಬಿಸಿದ್ದೆ. ಆಮೇಲೆ ಟರ್ನ್‌ಬಕಲ್‌ಗೆ ಸ್ಕ್ರೂಡ್ರೈವರ್ ತೂರಿಸಿ ಎರಡೇ ಬೆರಳಲ್ಲಿ ತಿರುಗಿಸುತ್ತಾ ಹೋದೆ. 150 ಕಿಲೋ ಎಳೆತ ಬಂದರೂ ಅರ್ಧ ಮೀಟರಿಗೆ ಹತ್ತಿರ ಹತ್ತಿರ 735 ನ್ಯೂಟನ್ ಮೀಟರ್. ಪಟ್ಟಿ ಕಣ್ಣಿಗೆ ಕಾಣುವಷ್ಟು ಬಾಗಿತು. ನಟ್ಟಿನ ಸುತ್ತ ಇದ್ದ ಹಳೆ ಸೀಲೆಂಟ್ ಕೂದಲೆಳೆಯಷ್ಟು ಬಿರಿಯಿತು, ಹಿಂದೆಯೇ ಕಿರ್.

ಫ್ಲ್ಯಾಂಜ್ ಪುಲ್ಲರಿಗೆ ತಕರಾರಿಲ್ಲದೆ ಬಂತು. ಸೀಲಿನ ತುಟಿ ಓಡುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಅಲ್ಲಿಗೆ ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ತೋಳು ಏರಿಸಬಹುದು, ಎಸ್‌ಕೆಎಫ್‌ನ ಸ್ಪೀಡಿ-ಸ್ಲೀವ್ ಥರದ್ದು. ಆದರೆ ಹಳೆ ಸೀಲ್ 2 ಎಂಎಂ ಒಳಗೆ ಕೂತಿತ್ತು. ಹೊಸದನ್ನು ಅರ್ಧ ಎಂಎಂ ಮಾತ್ರ ಒಳಗೆ ಕೂರಿಸಿದರೆ ತುಟಿ ಗೀರು ಬಿಟ್ಟು ನಯವಾದ ಲೋಹದ ಮೇಲೆ ಓಡುತ್ತದೆ. ಅದನ್ನೇ ಮಾಡಿದೆ.

ಸೀಲ್ ಕೇಳಿದ್ದು 50-72-8 (ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಎಂಎಂನಲ್ಲಿ), ಟಿಸಿ, ಅಂದರೆ ಧೂಳು ತಡೆಯುವ ಎರಡನೇ ತುಟಿ ಇರುವುದು. ಬಂದದ್ದು ಎಸ್‌ಸಿ, ಒಂದೇ ತುಟಿ. ‘ಎಲ್ಲಾ ಒಂದೇ’ ಅಂದರು ಅಂಗಡಿಯವರು. ಒಂದೇ ಆಗಿದ್ದರೆ ಎರಡು ಹೆಸರು ಯಾಕೆ ಇಡುತ್ತಿದ್ದರು? ಬಿಲ್ಜ್, ಅಂದರೆ ದೋಣಿಯ ತಳದಲ್ಲಿ ನೀರು ನಿಲ್ಲುವ ಜಾಗದ, ಕಡೆಯಿಂದ ಉಪ್ಪುನೀರು ಸಿಡಿಯುವ ಜಾಗ ಅದು, ಎರಡು ತುಟಿ ಬೇಕೇ ಬೇಕು. ವಾಪಸ್ ಕಳಿಸಿ ತರಿಸಿದೆ.

ಸುತ್ತಿಗೆ ಬೀಸಲು ಜಾಗವಿಲ್ಲ, ಬೀಸಿದರೂ ಸೀಲ್ ಓರೆಯಾಗುತ್ತೆ. ಅದಕ್ಕೆ ಶಾಫ್ಟಿನ ಥ್ರೆಡ್ಡನ್ನೇ ಪ್ರೆಸ್ ಮಾಡಿಕೊಂಡೆ. ಹಳೆ ನಟ್ಟು ಹೇಗೂ ಎಸೆಯುವುದೇ ತಾನೇ, ಅದರ ಬೆನ್ನಿಗೆ ಎಂ12 ಸ್ಟಡ್ ವೆಲ್ಡ್ ಮಾಡಿ ಶಾಫ್ಟಿಗೆ ಹಾಕಿದೆ. ಸೀಲಿನ ಮೇಲೆ ಲೇತಿನಲ್ಲಿ ತಿರುವಿದ ಅಲ್ಯೂಮಿನಿಯಂ ಬಳೆ, ಅದಕ್ಕೊಂದು ಪೈಪು, ಪೈಪಿನ ತುದಿಗೆ ದಪ್ಪ ವಾಷರ್, ಕೊನೆಗೆ ಎಂ12 ನಟ್ಟು. ಸ್ಟಡ್ಡಿನ ತುದಿಯಲ್ಲಿ ಫೈಲ್ ಮಾಡಿದ ಎರಡು ಸಪಾಟು ಮುಖವನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸಿದರೆ ಶಾಫ್ಟ್ ತಿರುಗಲ್ಲ. ಬಳೆಯ ಮೂತಿ ಸರಿಯಾಗಿ ಅರ್ಧ ಎಂಎಂ, ಆಮೇಲೆ ಅದರ ಕಾಲರ್ ಕೇಸಿಂಗಿಗೆ ತಾಗಿ ನಿಲ್ಲುತ್ತದೆ. ಸೀಲ್ ಓರೆಯಾಗುವ ಪ್ರಶ್ನೆಯೇ ಬರಲಿಲ್ಲ.

ಹೊಸ ನಟ್ಟಿನ ಕೆಳಗೆ ಸೀಲೆಂಟ್ ಮರೆಯಬೇಡಿ, ಶಾಫ್ಟು ಫ್ಲ್ಯಾಂಜು ಕಚ್ಚಿಕೊಳ್ಳುವ ಸ್ಪ್ಲೈನ್ ಹಲ್ಲುಗಳ ಸಂದಿಯಿಂದಲೂ ಆಯಿಲ್ ನಡೆದು ಬರುತ್ತೆ. ಟಾರ್ಕ್ ರೆಂಚ್ ಈ ಸಂದಿಗೆ ಹೋಗದು. ಹಿಡಿಕೆಯ ಅರ್ಧ ಮೀಟರಿನ ತೂತಿಗೆ ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ಸಿಕ್ಕಿಸಿ, ಹಿಡಿಕೆಗೆ ನೇರ ಅಡ್ಡವಾಗಿ ಎಳೆದೆ. 40 ಕಿಲೋ ತೋರಿಸಿದರೆ 196 ನ್ಯೂಟನ್ ಮೀಟರ್. ನಿಮ್ಮ ಗೇರ್‌ಬಾಕ್ಸಿನ ಅಂಕಿ ಅದರ ಮ್ಯಾನ್ಯುಯಲ್ಲಿನದೇ ಇರಲಿ. ಕಪ್ಲಿಂಗ್ ಅಲೈನ್‌ಮೆಂಟ್ ದೋಣಿ ನೀರಿಗಿಳಿದ ಮೇಲೆ.

ಅದಕ್ಕೂ ಮುಂಚೆ ಒಳಗೆ ಗಾಳಿ ತುಂಬಿ ಸೋರಿಕೆ ಪರೀಕ್ಷಿಸುವ ಯಂತ್ರವೊಂದು ಬೇಕು, ಮುಂದಿನ ಕೆಲಸ ಅದೇ. ಬಿಪಿ ನೋಡುವ ಹಳೆ ಯಂತ್ರದ ರಬ್ಬರ್ ಪಂಪು, ಮೀಟರ್ ಎರಡೂ ಇವೆ. ಮೀಟರ್ 300 ಎಂಎಂ ಪಾದರಸದವರೆಗೆ ಹೋಗುತ್ತೆ, ಅಂದರೆ 5.8 ಪಿಎಸ್‌ಐ. ಔಟ್‌ಬೋರ್ಡಿನ (ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್ನಿನ) ಲೋವರ್ ಯೂನಿಟ್‌ಗೆ, ಅಂದರೆ ಗೇರ್ ಇರುವ ಕೆಳಭಾಗಕ್ಕೆ, ಇದು ಕಡಿಮೆ, ಗೇರ್‌ಬಾಕ್ಸಿಗೆ ಧಾರಾಳ. ಲೋವರ್ ಯೂನಿಟ್‌ಗೆ ಬೇರೆ ಪಂಪು ಹುಡುಕುತ್ತಿದ್ದೇನೆ, ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡ ಮೀನಿನ ದಾರ ಅಲ್ಲಿ ಸೀಲ್ ಕತ್ತರಿಸಿರುವ ಗುಮಾನಿ ಇದೆ. ಸದ್ಯಕ್ಕೆ ಅಡ್ಡ ಬಂದಿರುವುದು ಅಡಾಪ್ಟರ್. ಆಯಿಲ್ ಪ್ಲಗ್ಗಿನ ತೂತಿಗೆ ಅರ್ಧ ಇಂಚಿನ ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಕೇಳಿದ್ದೆ, ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಕಳಿಸಿದ್ದಾರೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್, ಒಂದರ ಕೋನ 60 ಡಿಗ್ರಿ, ಇನ್ನೊಂದರದು 55. ಹಾಗಾಗಿ ಮೊದಲ ಕೆಲವು ಸುತ್ತು ಬೆಣ್ಣೆಯಂತೆ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತೆ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ‘ಎನ್‌ಪಿಟಿ’ ಅಂತಲೇ ಬರೆದಿದೆ. ಸರಿಯಾದದ್ದು ಬರುವವರೆಗೆ ಗೇರ್‌ಬಾಕ್ಸಿಗೆ ಗಾಳಿಯಾಡುವ ಬ್ರೀದರ್ ಮೂತಿಗೆ ರಬ್ಬರ್ ಕೊಳವೆ, ಅದಕ್ಕೊಂದು ಹೋಸ್ ಕ್ಲಿಪ್.